ಪಟ್ಟಿ ಸುಲಭ, ಹೊಣೆ ಕಷ್ಟ



ಮನೆಯ ಎ.ಸಿ. ಕೆಟ್ಟರೆ ಯಾರನ್ನು ಕರೆಯಬೇಕು? ಜೂನ್ ತಿಂಗಳ ಮಸ್ಕತ್ತಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ. ನಾವೆಲ್ಲ ಮಾಡುವುದು ಒಂದೇ. ವಾಟ್ಸಾಪ್ ಗುಂಪಿನಲ್ಲಿ ‘ಯಾರಾದರೂ ಒಳ್ಳೆಯ ಎ.ಸಿ. ಮೆಕ್ಯಾನಿಕ್ ಗೊತ್ತೇ?’ ಎಂದು ಕೇಳುತ್ತೇವೆ. ಐದು ನಿಮಿಷದಲ್ಲಿ ಎಂಟು ನಂಬರು ಬರುತ್ತವೆ. ಅವುಗಳಲ್ಲಿ ಮೂರು ಸ್ವಿಚ್ ಆಫ್, ಒಬ್ಬಾತ ಕಾಯಂ ಆಗಿ ಊರಿಗೆ ಹೋಗಿ ಎರಡು ವರ್ಷವಾಗಿದೆ, ಇನ್ನೊಬ್ಬನಿರುವುದು ಸೊಹಾರಿನಲ್ಲಿ. ಕೊನೆಗೆ ಪಕ್ಕದ ಮನೆಯ ಮಲಯಾಳಿ ಸ್ನೇಹಿತರೇ ಗತಿ. ಮರುವಾರ ಇನ್ನೊಬ್ಬ ಸದಸ್ಯರು ಅದೇ ಗುಂಪಿನಲ್ಲಿ ಅದೇ ಪ್ರಶ್ನೆ ಕೇಳುತ್ತಾರೆ.

ಇದಕ್ಕೊಂದು ಕೊನೆ ಕಾಣಿಸಬೇಕೆಂದು ನಮ್ಮ ತರುಣ ಸದಸ್ಯರು ಕಾರ್ಯಕಾರಿ ಸಮಿತಿಯ ಮುಂದೆ ಒಂದು ಯೋಜನೆ ಇಟ್ಟರು. ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಮನೆ ಸ್ವಚ್ಛ ಮಾಡುವವರು, ಮಕ್ಕಳನ್ನು ಶಾಲೆಗೆ ಬಿಡುವವರು, ಹಬ್ಬಕ್ಕೆ ಹೋಳಿಗೆ ಮಾಡಿಕೊಡುವವರು, ಹೀಗೆ ಎಲ್ಲರೂ ಸಿಗುವ ಒಂದು ಆನ್‌ಲೈನ್ ಸಂತೆ. ಬೇಕಾದವರು ಆರಿಸಿಕೊಳ್ಳುವುದು, ಕೆಲಸ ಮುಗಿದ ಮೇಲೆ ನಕ್ಷತ್ರ ಕೊಡುವುದು, ಸಂಘಕ್ಕೆ ಒಂದಿಷ್ಟು ಪುಡಿಗಾಸು. ಸಮಿತಿಯವರಿಗೆ ಹಿಡಿಸಿತು. ಮೂವರನ್ನು ನೇಮಿಸಿದರು. ಇಬ್ಬರು ಸಾಫ್ಟ್‌ವೇರ್ ಬಲ್ಲವರು, ಮೂರನೆಯವನು ನಾನು. ಅವರಿಬ್ಬರೂ ಮೂರೇ ವಾರದಲ್ಲಿ ಮಾದರಿ ಸಿದ್ಧಪಡಿಸಿಬಿಟ್ಟರು. ರೂವಿ, ಅಲ್ ಖುವೈರ್, ಘುಬ್ರ, ಸೀಬ್ ಎಂದು ಪ್ರದೇಶ ಆರಿಸಿದರೆ ಸಾಕು, ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತವೆ. ಆ ಸಾಲಿಗೆ ಹೆಸರು ತುಂಬಿಸುವುದು ನನ್ನ ಪಾಲಿನ ಕೆಲಸ.

ನಾಲ್ಕು ತಿಂಗಳ ಶುಕ್ರವಾರಗಳನ್ನು ಹಮ್ರಿಯಾ, ವಾದಿ ಕಬೀರ್, ಘಲಾ, ಮಬೇಲಾಗಳಲ್ಲಿ ಕಳೆದೆ. ಅಲ್ಲಿ ಕಂಡದ್ದು ಕೇಳಿದ್ದು, ಓದಿ ತಿಳಿದದ್ದು ಎಲ್ಲವನ್ನೂ ಸದಸ್ಯರ ಮುಂದಿಡುವುದು ನನ್ನ ಕರ್ತವ್ಯವೆಂದು ಈ ಲೇಖನ.

ಮರ ಮೊದಲೋ, ಬೀಜ ಮೊದಲೋ

ಒಮಾನಿಗೆ ಇಂಟರ್‌ನೆಟ್ ಬಂದದ್ದು 1997ರಲ್ಲಿ. ಅದಕ್ಕೂ ಮುಂಚೆ ರೂವಿಯ ಸೂಪರ್ ಮಾರ್ಕೆಟ್‌ಗಳ ಬಾಗಿಲ ಬಳಿ ಅಂಟಿಸಿದ ಚೀಟಿಗಳೇ ನಮಗೆ ಆಧಾರವಾಗಿದ್ದವು. ಹಳೆಯ ಸೋಫಾ ಮಾರಾಟ, ಹಂಚಿಕೊಳ್ಳಲು ಕೋಣೆ, ಪ್ಲಂಬರ್, ಎಲ್ಲ ಒಂದೇ ಹಲಗೆಯ ಮೇಲೆ. ಅತ್ತ ಮುಂಬಯಿಯಲ್ಲಿ ವಿ.ಎಸ್.ಎಸ್. ಮಣಿಯವರು 1996ರಲ್ಲಿ ಜಸ್ಟ್ ಡಯಲ್ ಆರಂಭಿಸಿದ್ದರು. ಫೋನು ಮಾಡಿ ಕೇಳಿದರೆ ನಂಬರು ಕೊಡುತ್ತಿದ್ದರು. ಹಲಗೆಯಾಗಲಿ ಫೋನಾಗಲಿ, ಅವು ಪರಿಚಯ ಮಾಡಿಸಿ ದೂರ ನಿಲ್ಲುತ್ತಿದ್ದವು. ನಲ್ಲಿ ಸರಿಯಾಯಿತೋ ಇಲ್ಲವೋ ಎಂಬುದು ಹಲಗೆಗೆ ಸಂಬಂಧಿಸಿದ ವಿಷಯವಾಗಿರಲಿಲ್ಲ.

ಈಗಿನ ಆನ್‌ಲೈನ್ ಸಂತೆ ಇನ್ನೊಂದು ಹೆಜ್ಜೆ ಮುಂದೆ ಇಡುತ್ತದೆ. ‘ಇವನು ಒಳ್ಳೆಯವನು, ಇಷ್ಟೇ ದುಡ್ಡು, ಇಷ್ಟು ಹೊತ್ತಿಗೆ ಬರುತ್ತಾನೆ’ ಎಂದು ಮಾತು ಕೊಡುತ್ತದೆ. ತೊಡಕು ಶುರುವಾಗುವುದು ಆ ಮಾತಿನಿಂದಲೇ.

ಮೊದಲ ತೊಡಕು ಎಲ್ಲ ಸಂತೆಗಳಿಗೂ ಇದ್ದದ್ದೇ. ಗಿರಾಕಿ ಇಲ್ಲದೆ ವ್ಯಾಪಾರಿ ಬರುವುದಿಲ್ಲ, ವ್ಯಾಪಾರಿ ಇಲ್ಲದೆ ಗಿರಾಕಿ ಬರುವುದಿಲ್ಲ. ವಾದಿ ಕಬೀರಿನ ಬಡಗಿಯೊಬ್ಬರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ‘ವಾರಕ್ಕೆ ಎಷ್ಟು ಕರೆ ಬರುತ್ತೆ?’ ನಮ್ಮ ಮಹಿಳಾ ಸದಸ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆ, ‘ಎಷ್ಟು ಜನ ಬಡಗಿಗಳಿದ್ದಾರೆ?’ ಇಬ್ಬರಿಗೂ ನಾನು ಕೊಟ್ಟ ಉತ್ತರ ಒಂದೇ, ‘ಸದ್ಯದಲ್ಲೇ ಹೇಳ್ತೀನಿ.’

ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. 300 ಮನೆಗಳು ಸೇರಿಕೊಂಡವು ಎಂದಿಟ್ಟುಕೊಳ್ಳಿ. ಒಂದೊಂದು ಮನೆಯವರೂ ವರ್ಷಕ್ಕೆ ಎರಡು ಸಲ ಎ.ಸಿ.ಯವನನ್ನು ಕರೆದರೆ ವರ್ಷಕ್ಕೆ 600 ಕರೆ, ವಾರಕ್ಕೆ ಹನ್ನೊಂದೋ ಹನ್ನೆರಡೋ. ಪಟ್ಟಿಯಲ್ಲಿ ಐವರು ಮೆಕ್ಯಾನಿಕ್‌ಗಳಿದ್ದರೆ ತಲಾ ಎರಡು ಕರೆ. ಅದೂ ಬೇಸಿಗೆಯಲ್ಲಿ ಮೇಲೆ ಬಿದ್ದು, ಡಿಸೆಂಬರಿನಲ್ಲಿ ಒಂದೂ ಇಲ್ಲದೆ. ಮೇಲಾಗಿ ಮಸ್ಕತ್ ಎನ್ನುವುದು ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಹಾಸಿದ ಚಾಪೆಯಂಥ ಊರು. ರೂವಿಯಿಂದ ಮಬೇಲಾಕ್ಕೆ ನಲವತ್ತು ಕಿಲೋಮೀಟರಿಗೂ ಹೆಚ್ಚು. ಬೆಳಿಗ್ಗೆ ದಾರ್ಸೈಟ್‌ನಲ್ಲಿ ಒಂದು ಕೆಲಸ, ಮಧ್ಯಾಹ್ನ ಸೀಬಿನಲ್ಲಿ ಒಂದು ಎಂದರೆ ಆತನ ದಿನವೇ ರಸ್ತೆಯಲ್ಲಿ ಕಳೆದುಹೋಗುತ್ತದೆ.

ಎರಡನೆಯ ತೊಡಕು ಇನ್ನೂ ಮೋಜಿನದು. ಮೆಕ್ಯಾನಿಕ್ ಒಳ್ಳೆಯವನಾಗಿದ್ದರೆ ನಮ್ಮ ಮನೆಯವರು ಚಹಾ ಕೊಟ್ಟು ಅವನ ನಂಬರು ಬರೆದಿಟ್ಟುಕೊಳ್ಳುತ್ತಾರೆ. ಮುಂದಿನ ಸಲ ಸಂತೆಯ ಹಂಗೇಕೆ? ಅವನು ಕೆಟ್ಟವನಾಗಿದ್ದರೆ ಸಂತೆಯನ್ನೇ ಬೈದು ಬಿಟ್ಟುಬಿಡುತ್ತಾರೆ. ಒಳ್ಳೆಯದಾದರೂ ನಷ್ಟ, ಕೆಟ್ಟದಾದರೂ ನಷ್ಟ. ಅಮೆರಿಕದಲ್ಲಿ ಮನೆ ಸ್ವಚ್ಛತೆಗೆಂದು ಶುರುವಾಗಿದ್ದ ಹೋಮ್‌ಜಾಯ್ ಎಂಬ ಕಂಪನಿ ಕೋಟ್ಯಂತರ ಡಾಲರ್ ಬಂಡವಾಳ ಇದ್ದೂ 2015ರ ಜುಲೈನಲ್ಲಿ ಬಾಗಿಲು ಹಾಕಿತು. ಅಗ್ಗದ ಮೊದಲ ಭೇಟಿಗೆ ಬಂದ ಗಿರಾಕಿಗಳು ಎರಡನೆಯ ಸಲ ಕಂಪನಿಯ ಕಡೆ ತಿರುಗಿ ನೋಡದೇ ಹೋದದ್ದು ಅದರ ಪತನದ ಕಾರಣಗಳಲ್ಲಿ ಒಂದು. ಅಷ್ಟು ದೊಡ್ಡವರಿಗೇ ಆಗದ್ದು 500 ಬೈಸಾ ಶುಲ್ಕ ಇಟ್ಟುಕೊಂಡು ನಮಗೆ ಆಗುತ್ತದೆಯೇ?

ಮೂರನೆಯದು ನಕ್ಷತ್ರದ ವಿಷಯ. ಬೆಂಗಳೂರಿನಂಥ ಊರಿನಲ್ಲಿ ಯಾರೋ ಯಾರಿಗೋ ಒಂದು ನಕ್ಷತ್ರ ಕೊಟ್ಟು ಮರೆತುಬಿಡಬಹುದು. ಇಲ್ಲಿ ಹೋಳಿಗೆ ಮಾಡಿಕೊಟ್ಟವರು ನಮ್ಮ ಮಗಳ ಭರತನಾಟ್ಯದ ಜೊತೆಗಾತಿಯ ತಾಯಿ. ‘ಹೂರಣ ಕಡಿಮೆ’ ಎಂದು ಬರೆದು ರಾಜ್ಯೋತ್ಸವದ ದಿನ ಪಕ್ಕದ ಕುರ್ಚಿಯಲ್ಲಿ ಕೂರುವ ಧೈರ್ಯ ಯಾರಿಗಿದೆ? ಎಲ್ಲರಿಗೂ ಐದು ನಕ್ಷತ್ರ ಬೀಳುತ್ತವೆ. ಎಲ್ಲರಿಗೂ ಐದು ಎಂದರೆ ಯಾರಿಗೂ ಇಲ್ಲ ಎಂದೇ ಲೆಕ್ಕ.

ಟ್ಯಾಕ್ಸಿ ನಡೆಯಿತಲ್ಲ?

ತರುಣರು ಇಲ್ಲಿ ಒಂದು ಸರಿಯಾದ ಪ್ರಶ್ನೆ ಹಾಕಿದರು. ‘ಒಮಾನಿನಲ್ಲಿ ಟ್ಯಾಕ್ಸಿ ಆ್ಯಪ್ ನಡೆಯುತ್ತಿದೆಯಲ್ಲ, ಅಂಕಲ್?’ ನಡೆಯುತ್ತಿದೆ. ಕಿತ್ತಳೆ-ಬಿಳಿ ಟ್ಯಾಕ್ಸಿಯವರ ಜೊತೆ ಕಿಟಕಿಯಲ್ಲಿ ಬಗ್ಗಿ ಚೌಕಾಸಿ ಮಾಡಿದ ನಮ್ಮ ಪೀಳಿಗೆಗೆ ಓಟ್ಯಾಕ್ಸಿಯಂಥ ಒಮಾನಿ ಆ್ಯಪ್‌ಗಳು ವರವೇ ಸರಿ. ವಿಮಾನ ನಿಲ್ದಾಣದ ಟ್ಯಾಕ್ಸಿಗಳನ್ನೂ 2022ರಲ್ಲಿ ಸರ್ಕಾರ ಆ್ಯಪ್ ವ್ಯವಸ್ಥೆಗೆ ತರಲು ಆರಂಭಿಸಿತು. ಆದರೆ ಟ್ಯಾಕ್ಸಿಯ ಕೆಲಸವನ್ನು ಅಳೆಯಬಹುದು, ಕಿಲೋಮೀಟರ್ ಎಂದರೆ ಕಿಲೋಮೀಟರ್. ಸೋರುವ ನಲ್ಲಿಯಲ್ಲಿ ವಾಷರ್ ಹೋಗಿದೆಯೋ ಗೋಡೆಯೊಳಗಿನ ಪೈಪೇ ಒಡೆದಿದೆಯೋ, ಬಿಚ್ಚಿ ನೋಡುವ ತನಕ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಇಲ್ಲಿ ಟ್ಯಾಕ್ಸಿ ಓಡಿಸುವುದು ಒಮಾನಿ ಪ್ರಜೆಗಳಿಗೆ ಮೀಸಲಾದ ಕೆಲಸ. ಚಾಲಕನ ಹೆಸರು, ಪರವಾನಗಿ, ಗಾಡಿಯ ನಂಬರು ಎಲ್ಲ ಸರ್ಕಾರದ ಬಳಿ ಇರುತ್ತವೆ. ಏನಾದರೂ ಹೆಚ್ಚುಕಡಿಮೆಯಾದರೆ ಕೇಳುವವರಿದ್ದಾರೆ, ಉತ್ತರ ಹೇಳುವವರೂ ಇದ್ದಾರೆ.

ನಮ್ಮೂರಿನವರು ಪಟ್ಟ ಪಾಡು

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಬೆಂಗಳೂರಿನವರೂ ಇದ್ದಾರೆ. ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ಶಾನ್ ಬ್ಲಾಗ್ಸ್‌ವೆಟ್ ಎಂಬ ಅಮೆರಿಕನ್ನರು 2007ರಲ್ಲಿ ಬಾಬಾಜಾಬ್ ಎಂಬ ತಾಣ ತೆರೆದರು. ಮನೆಗೆಲಸದವರು, ಡ್ರೈವರುಗಳು, ಅಡುಗೆಯವರು, ಕಾವಲುಗಾರರಿಗೆ ಕೆಲಸ ಹುಡುಕಿಕೊಡುವ ತಾಣ. ಬಡತನದಿಂದ ಮೇಲೆ ಬಂದ ಕುಟುಂಬಗಳಿಗೆ ಕೆಲಸ ಸಿಕ್ಕಿದ್ದು ಬಹುಮಟ್ಟಿಗೆ ಪರಿಚಯದವರ ಮೂಲಕ ಎಂದು ಅನಿರುದ್ಧ ಕೃಷ್ಣ ಅವರ ಅಧ್ಯಯನದಲ್ಲಿ ಓದಿದ್ದು ಅವರಿಗೆ ಪ್ರೇರಣೆ. ಆ ಪರಿಚಯವನ್ನು ಕಂಪ್ಯೂಟರಿಗೆ ತರೋಣ ಎಂದು ಹೊರಟರು. ಕಂಪ್ಯೂಟರ್ ಇಲ್ಲದವರಿಗೆ ಫೋನಿನ ಮೂಲಕವೂ ಅನುಕೂಲ ಮಾಡಿದರು. ಹತ್ತು ವರ್ಷ ನಡೆಸಿ 2017ರಲ್ಲಿ ಕ್ವಿಕರ್ ಕಂಪನಿಗೆ ಒಪ್ಪಿಸಿದರು. ‘ನಮ್ಮ ಅಡುಗೆಯವಳು ಬಹಳ ನಂಬಿಕಸ್ಥಳು’ ಎಂದು ನೆರೆಮನೆಯವರು ಹೇಳುವ ಒಂದು ಮಾತಿನ ತೂಕವನ್ನು ತಾಣಕ್ಕೆ ತರುವುದು ಎಷ್ಟು ವರ್ಷಗಳ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ.

ಅರ್ಬನ್‌ಕ್ಲ್ಯಾಪ್ 2014ರಲ್ಲಿ ಶುರುವಾಯಿತು. 2020ರಿಂದ ಅದರ ಹೆಸರು ಅರ್ಬನ್ ಕಂಪನಿ. ಅವರೂ ಮೊದಲು ಬರೀ ಪರಿಚಯ ಮಾಡಿಸುತ್ತಿದ್ದರು. ಅದು ಸಾಲದೆಂದು ತರಬೇತಿ, ಸಲಕರಣೆ, ನಿಗದಿತ ಬೆಲೆ ಎಲ್ಲವನ್ನೂ ತಾವೇ ವಹಿಸಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ಷೇರು ಪೇಟೆಗೂ ಬಂದರು. ಗಿರಾಕಿಗೆ ಸುಖವಾಯಿತು. ಆದರೆ 2021ರ ಅಕ್ಟೋಬರಿನಲ್ಲಿ, ಅದೇ ಕಂಪನಿಯ ಮೂಲಕ ಮನೆಮನೆಗೆ ಹೋಗಿ ಕೆಲಸ ಮಾಡುವ ಹೆಣ್ಣುಮಕ್ಕಳು, ಕಮಿಷನ್ ಹೆಚ್ಚಾಯಿತು, ನಿಯಮ ಬಿಗಿಯಾಯಿತು ಎಂದು ಗುರುಗ್ರಾಮದ ಕಚೇರಿಯ ಮುಂದೆ ಬಂದು ಕುಳಿತರು.

ಆಟೋದವರ ಕಥೆ ನಿಮಗೆ ಗೊತ್ತೇ ಇದೆ. ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ ಮೀಟರ್ ದರ 30 ರೂಪಾಯಿ ಇದ್ದಾಗ ಆ್ಯಪ್‌ಗಳು ಕನಿಷ್ಠ 100 ರೂಪಾಯಿ ಕೇಳುತ್ತಿವೆ ಎಂದು ದೂರು ಬಂದು, 2022ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಅವುಗಳ ಆಟೋ ಸೇವೆ ನಿಲ್ಲಿಸಲು ಹೇಳಿತು. ನವೆಂಬರಿನಲ್ಲಿ ಆಟೋ ಚಾಲಕರ ಸಂಘದ ಜೊತೆ ಸೇರಿ ಜಸ್‌ಪೇ ಕಂಪನಿಯವರು ‘ನಮ್ಮ ಯಾತ್ರಿ’ ತಂದರು. ಕಮಿಷನ್ ಇಲ್ಲ. 2023ರಲ್ಲಿ ದಿನಕ್ಕೆ 25 ರೂಪಾಯಿ ಎಂದು ಚಾಲಕರಿಂದ ಚಂದಾ ಗೊತ್ತುಮಾಡಿದರು. ಅನಂತರ ದೊಡ್ಡ ಕಂಪನಿಗಳೂ ಆಟೋಗಳ ವಿಷಯದಲ್ಲಿ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಇಳಿದವು. 2025ರಲ್ಲಿ ಕರ್ನಾಟಕ ಸರ್ಕಾರ ಇಂಥ ಗಿಗ್ ಕೆಲಸಗಾರರ ಸಾಮಾಜಿಕ ಭದ್ರತೆಗೆಂದೇ ಕಾನೂನು ಮಾಡಿ, ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲು ಮಾಡುವ ಏರ್ಪಾಡು ಮಾಡಿತು.

ನಮ್ಮಲ್ಲಿ ಕರಾವಳಿಯವರು, ಕಾಸರಗೋಡಿನವರು ಬಹಳ ಮಂದಿ. ಅವರಿಗೆ ಇನ್ನೊಂದು ಉದಾಹರಣೆ ಹತ್ತಿರವಾದೀತು. ಊರಿನಲ್ಲಿ ತೆಂಗಿನ ಮರ ಹತ್ತುವವರೇ ಇಲ್ಲ, ಅಮ್ಮ ಫೋನಿನಲ್ಲಿ ಗೋಳಾಡುತ್ತಾರೆ, ನಾವು ಮಸ್ಕತ್ತಿನಿಂದ ಹತ್ತು ಜನಕ್ಕೆ ಫೋನು ಹಚ್ಚುತ್ತೇವೆ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಮರ ಹತ್ತುವವರಿಗೆ ತರಬೇತಿ ಕೊಡುವ ಯೋಜನೆ ಆರಂಭಿಸಿದರು. ಯಂತ್ರದ ಸಹಾಯದಿಂದ ಹತ್ತುವುದನ್ನು ಕಲಿಸಿದರು. ಹತ್ತುವವರಿಗೆ ‘ಕೇರ ಸುರಕ್ಷಾ’ ವಿಮೆ ಮಾಡಿಸಿದರು. ಜನರಿಗೂ ಹತ್ತುವವರಿಗೂ ಸಂಪರ್ಕ ಕಲ್ಪಿಸುವ ‘ಹಲೋ ನಾರಿಯಲ್’ ಎಂಬ ಫೋನ್ ಕೇಂದ್ರ ಬಂದದ್ದು ಬಹಳ ಆಮೇಲೆ. ಈ ಕ್ರಮವನ್ನು ಗಮನಿಸಿ. ಮೊದಲು ಕೆಲಸ ಕಲಿಸಿದರು, ಬಿದ್ದರೆ ಗತಿಯೇನು ಎಂದು ಯೋಚಿಸಿದರು, ನಂಬರು ಕೊಟ್ಟದ್ದು ಕೊನೆಗೆ. ನಾವು ಹೊರಟದ್ದು ನಂಬರಿನಿಂದ.

‘ಹೆಸರು ಬೇಡ ಸಾರ್’

ನಮ್ಮ ಪಟ್ಟಿಯ ಮೊದಲ ಹೆಸರು ಯಾರದಾಗಬೇಕು ಎಂಬುದರಲ್ಲಿ ನಮಗೆ ಅನುಮಾನವೇ ಇರಲಿಲ್ಲ. ನಮ್ಮ ಸದಸ್ಯರ ಅನೇಕ ಮನೆಗಳಿಗೆ ಶುಕ್ರವಾರ ಬಂದು ಫ್ಯಾನು, ಗೀಸರು, ಎ.ಸಿ. ಎಲ್ಲ ಸರಿಮಾಡಿಕೊಡುವ ಕನ್ನಡದ ಹುಡುಗನೊಬ್ಬನಿದ್ದಾನೆ. ಕೈ ಬಹಳ ಚೊಕ್ಕ. ಮಾತು ಕಡಿಮೆ. ಅಂಗಡಿಯವರು 10 ರಿಯಾಲ್ ಕೇಳುವ ಕೆಲಸಕ್ಕೆ 5 ರಿಯಾಲ್ ತೆಗೆದುಕೊಳ್ಳುತ್ತಾನೆ. ಅವನಿಗೆ ಮಾದರಿಯನ್ನು ಮೊಬೈಲಿನಲ್ಲಿ ತೋರಿಸಿ, ‘ನಿನ್ನದೇ ಮೊದಲ ಹೆಸರು ಕಣಪ್ಪ’ ಎಂದೆ. ಖುಷಿಪಡುತ್ತಾನೆಂದು ಎಣಿಸಿದ್ದೆ. ಅವನು ತುಸು ಹೊತ್ತು ಅದನ್ನೇ ನೋಡಿ, ಮೊಬೈಲು ಹಿಂದಕ್ಕೆ ಕೊಟ್ಟ.

‘ಹೆಸರು ಬೇಡ ಸಾರ್. ಈ ಪಟ್ಟೀಲಿ ನಾನು ನಿಮಗೆ ಸಿಗೋ ಹಾಗೆ ಅವರಿಗೂ ಸಿಗ್ತೀನಲ್ಲ.’

ಅವರು ಎಂದರೆ ತಪಾಸಣೆಯವರು. ಅವನ ರೆಸಿಡೆಂಟ್ ಕಾರ್ಡಿನಲ್ಲಿರುವುದು ಇನ್ಯಾವುದೋ ಕಂಪನಿಯ ಹೆಸರು. ವೀಸಾಕ್ಕೆಂದು ಊರಿನಲ್ಲಿ ಸಾಲ ಮಾಡಿ ಏಜೆಂಟನಿಗೆ ದುಡ್ಡು ಕೊಟ್ಟು ಬಂದವನು. ಇಲ್ಲಿಗೆ ಬಂದ ಮೇಲೆ ‘ಹೊರಗೆ ಕೆಲಸ ನೋಡಿಕೋ’ ಎಂದರಂತೆ. ನಾವು ಲಘುವಾಗಿ ‘ಫ್ರೀ ವೀಸಾ’ ಎನ್ನುತ್ತೇವಲ್ಲ, ಅದು. ಕಾನೂನಿನ ಪುಸ್ತಕದಲ್ಲಿ ಅಂಥ ವೀಸಾವೇ ಇಲ್ಲ. ಒಬ್ಬರ ಹೆಸರಿನಲ್ಲಿ ಬಂದ ಕೆಲಸಗಾರ ಪರವಾನಗಿ ಇಲ್ಲದೆ ಇನ್ನೊಬ್ಬರಲ್ಲಿ ದುಡಿಯುವುದನ್ನು 2003ರ ಕಾರ್ಮಿಕ ಕಾನೂನೂ ಒಪ್ಪಿರಲಿಲ್ಲ, ಅದರ ಜಾಗಕ್ಕೆ ಬಂದ 2023ರ ರಾಜಾಜ್ಞೆ 53 ಕೂಡ ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಕೆಲಸಗಾರ ಊರಿಗೆ ವಾಪಸು. ಊರಿನಲ್ಲಿ ಸಾಲ ಹಾಗೆಯೇ ಇರುತ್ತದೆ, ಇಬ್ಬರು ಹೆಣ್ಣುಮಕ್ಕಳ ಶಾಲೆಯ ಫೀಸೂ ಇರುತ್ತದೆ.

ಮನೆಗೆ ಬಂದು ನಮ್ಮ ಕರಡು ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. 31 ಹೆಸರು ಸೇರಿಸಿದ್ದೆವು. ಒಬ್ಬೊಬ್ಬರನ್ನೂ ಕಂಡು ವಿಚಾರಿಸಿದಾಗ, ಪರವಾನಗಿ ಇರುವ ಅಂಗಡಿಯ ನೌಕರರಾಗಿ ಆ ಅಂಗಡಿಯ ಮೂಲಕವೇ ಬರುವವರು 9 ಮಂದಿ ಮಾತ್ರ. ಮಕ್ಕಳನ್ನು ಸ್ವಂತ ಕಾರಿನಲ್ಲಿ ದುಡ್ಡಿಗೆ ಶಾಲೆಗೆ ಬಿಡುವವರನ್ನಂತೂ ಪಟ್ಟಿಯಲ್ಲಿ ಹಾಕುವ ಹಾಗೇ ಇಲ್ಲ. ಅದು ಟ್ಯಾಕ್ಸಿ ಕಾನೂನಿಗೇ ವಿರುದ್ಧ.

ಇಲ್ಲಿ ನನಗೊಂದು ವಿಷಯ ಸ್ಪಷ್ಟವಾಯಿತು. 10 ರಿಯಾಲ್ ಕೆಲಸ 5 ರಿಯಾಲಿಗೆ ಆಗುವುದು ಹೇಗೆ? ಅಂಗಡಿಯವನ ಬಾಡಿಗೆ, ವೀಸಾ ಖರ್ಚು, ವಿಮೆ, ವ್ಯಾಟ್ ಇವೆಲ್ಲ ಆ ಹುಡುಗನ ಲೆಕ್ಕದಲ್ಲಿ ಇಲ್ಲ. ಅವುಗಳ ಬದಲಿಗೆ ಅವನು ಇಟ್ಟಿರುವುದು ತನ್ನ ಮೈಯನ್ನು. ನಮ್ಮ ಮನೆಯ ಏಣಿಯಿಂದ ಬಿದ್ದರೆ ಆಸ್ಪತ್ರೆ ಬಿಲ್ಲು ಕೊಡುವವರು ಯಾರು? ಕಾರ್ಡಿನಲ್ಲಿ ಹೆಸರಿರುವ ಮಾಲೀಕ ‘ನಾನು ಕಳಿಸಿದ್ದಲ್ಲ’ ಎನ್ನುತ್ತಾನೆ. ನಾವು ‘ಅವನು ಸಂಘದ ಪಟ್ಟಿಯಲ್ಲಿದ್ದ’ ಎನ್ನುತ್ತೇವೆ. ಸಂಘದವರು ‘ನಾವು ಬರೀ ಪರಿಚಯ ಮಾಡಿಸಿದೆವು’ ಎನ್ನಬೇಕಾಗುತ್ತದೆ. ಮೂರು ಮಂದಿಯೂ ಕೈ ತೊಳೆದುಕೊಂಡ ಮೇಲೆ ಏಣಿಯ ಬುಡದಲ್ಲಿ ಉಳಿಯುವವನು ಅವನೊಬ್ಬನೇ.

ಗುಟ್ಟಾಗಿ ಬಾಯಿಂದ ಬಾಯಿಗೆ ನಂಬರು ಹೋಗುವುದಕ್ಕೂ ಸಂಘದ ಹೆಸರಿನಲ್ಲಿ ಪಟ್ಟಿ ಪ್ರಕಟವಾಗುವುದಕ್ಕೂ ಅಜಗಜಾಂತರ. ಪಟ್ಟಿ ಮಾಡಿದ ಕೂಡಲೆ ನಾವು ಮಾತು ಕೊಟ್ಟಹಾಗೆ. ಕೊಟ್ಟ ಮಾತಿನ ಹೊಣೆಯನ್ನು ಅತ್ಯಂತ ಬಡವನ ತಲೆಗೆ ಕಟ್ಟುವ ಸಂತೆ ನಮಗೆ ಬೇಡ ಎಂಬುದು ಮೂವರ ಒಮ್ಮತದ ಅಭಿಪ್ರಾಯ.

ಹಾಗಾದರೆ ಕೈ ಬಿಡುವುದೇ?

ಬಿಡಬೇಕಾಗಿಲ್ಲ. ಚಿಕ್ಕದಾಗಿ, ಬೇರೆ ರೀತಿಯಲ್ಲಿ ಮಾಡಬಹುದು. ನಾವು ಸಮಿತಿಗೆ ಕೊಟ್ಟಿರುವ ಸಲಹೆಗಳು ಇವು.

ಪರವಾನಗಿ ಇರುವ ಅಂಗಡಿಗಳನ್ನು ಮಾತ್ರ ಸೇರಿಸುವುದು. ವಾಣಿಜ್ಯ ನೋಂದಣಿ ಸಂಖ್ಯೆ ನೋಡಿ, ಅಂಗಡಿಗೆ ಖುದ್ದಾಗಿ ಹೋಗಿ ಬರುವುದು. ವ್ಯಕ್ತಿಗಳ ಹೆಸರು ಬೇಡ.

ಒಂದೇ ಕೆಲಸ, ಒಂದೇ ಪ್ರದೇಶದಿಂದ ಆರಂಭಿಸುವುದು. ಬೇಸಿಗೆಗೆ ಮುಂಚೆ, ಮಾರ್ಚ್ ತಿಂಗಳಲ್ಲಿ, ರೂವಿ, ದಾರ್ಸೈಟ್, ವಾದಿ ಕಬೀರಿನ ಮೂವತ್ತು ಮನೆಗಳು ಒಂದೇ ವಾರದಲ್ಲಿ ಎ.ಸಿ. ಸರ್ವೀಸ್ ಮಾಡಿಸಿಕೊಳ್ಳುತ್ತೇವೆ ಎಂದರೆ ಅಂಗಡಿಯವರೂ ಬೆಲೆ ಇಳಿಸುತ್ತಾರೆ. ಎರಡು ಅಂಗಡಿಗಳಲ್ಲಿ ಮಾತಾಡಿ ನೋಡಿದ್ದೇನೆ. ಇಬ್ಬರೂ ಒಂದು ಎ.ಸಿ.ಗೆ ಎರಡು ರಿಯಾಲ್ ತನಕ ಕಡಿಮೆ ಮಾಡಲು ಸಿದ್ಧ. ಅವರ ವ್ಯಾನು ಊರೆಲ್ಲ ಅಲೆಯುವುದು ತಪ್ಪುತ್ತದೆಯಲ್ಲ, ಆ ಉಳಿತಾಯ ನಮಗೂ ಬರುತ್ತದೆ. ಕೆಲಸಗಾರನ ಕಿಸೆಯಿಂದ ಹೋಗುವ ಅಗ್ಗ ಇದಲ್ಲ.

ಸಂಘ ದುಡ್ಡು ಮುಟ್ಟುವುದು ಬೇಡ. ಕಮಿಷನ್ನೂ ಬೇಡ. ದುಡ್ಡು ಬಂದರೆ ವ್ಯಾಪಾರವಾಗುತ್ತದೆ, ವ್ಯಾಪಾರಕ್ಕೆ ಬೇರೆಯದೇ ಪರವಾನಗಿ ಬೇಕು.

ನಕ್ಷತ್ರದ ಬದಲು ಫೋನು. ಕೆಲಸ ಮುಗಿದ ಮರುದಿನ ಸ್ವಯಂಸೇವಕರೊಬ್ಬರು ಆ ಮನೆಗೆ ಫೋನು ಮಾಡಿ ಮೂರೇ ಪ್ರಶ್ನೆ ಕೇಳುವುದು. ಹೇಳಿದ ಹೊತ್ತಿಗೆ ಬಂದರೇ? ಹೇಳಿದಷ್ಟೇ ತೆಗೆದುಕೊಂಡರೇ? ಮತ್ತೆ ಕರೆಯುತ್ತೀರಾ? ಉತ್ತರ ಅವರಲ್ಲೇ ಇರಲಿ. ಮೂರು ದೂರು ಬಂದರೆ ಅಂಗಡಿಯ ಹೆಸರು ತೆಗೆಯುವುದು. ಸದಸ್ಯರ ವಿಳಾಸ, ನಂಬರುಗಳನ್ನು ಅವರನ್ನು ಕೇಳದೆ ಯಾರಿಗೂ ಕೊಡುವಂತಿಲ್ಲ. ಒಮಾನಿನಲ್ಲಿ 2022ರಲ್ಲೇ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಬಂದಿದೆ.

ಕೊನೆಯದಾಗಿ, ಆ ಹುಡುಗನಂಥವರ ವಿಷಯ. ಗುತ್ತಿಗೆ ಮುಗಿದವರು ಹಳೆಯ ಮಾಲೀಕರ ಎನ್.ಓ.ಸಿ. ಇಲ್ಲದೆ ಹೊಸ ಮಾಲೀಕರಲ್ಲಿಗೆ ಹೋಗಲು 2021ರ ಜನವರಿಯಿಂದ ಅವಕಾಶವಿದೆ. ಇದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ನಾನು ಕಂಡ ಅಂಗಡಿಗಳಲ್ಲಿ ಒಂದರವರು ಒಳ್ಳೆಯ ಎ.ಸಿ. ಮೆಕ್ಯಾನಿಕ್‌ಗಾಗಿ ಹುಡುಕುತ್ತಿದ್ದರು. ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸಿದ್ದೇನೆ. ಅವನ ಕಾಗದಪತ್ರಗಳನ್ನು ರಾಯಭಾರ ಕಚೇರಿಯ ಓಪನ್ ಹೌಸ್‌ಗೆ ಒಯ್ದು ವಿಚಾರಿಸುವುದಿದೆ. ಏನಾಗುತ್ತದೆಂದು ಈಗಲೇ ಹೇಳಲಾರೆ. ಆದರೆ ನಾಲ್ಕು ತಿಂಗಳ ಓಡಾಟದಲ್ಲಿ ಸಂತೆಯ ಹೆಸರಿಗೆ ತಕ್ಕ ಕೆಲಸ ಒಂದು ನಡೆದಿದ್ದರೆ ಅದು ಇದೇ.

ಸದಸ್ಯರಲ್ಲಿ ವಿನಂತಿ. ರೂವಿ, ದಾರ್ಸೈಟ್, ವಾದಿ ಕಬೀರಿನ ಕುಟುಂಬಗಳು ತಮ್ಮ ಮನೆಯ ಎ.ಸಿ.ಗಳ ಸಂಖ್ಯೆಯನ್ನು ಕಾರ್ಯದರ್ಶಿಗಳಿಗೆ ತಿಳಿಸಿ. ಜೊತೆಗೆ ವಾರಕ್ಕೆ ಎರಡು ಗಂಟೆ ಫೋನಿನ ಮುಂದೆ ಕೂರಬಲ್ಲ ನಾಲ್ವರು ಬೇಕು. ಸಾಫ್ಟ್‌ವೇರ್ ಬರೆಯಲು ಈಗಾಗಲೇ ಏಳು ಮಂದಿ ಹೆಸರು ಕೊಟ್ಟಿದ್ದಾರೆ. ಫೋನು ಎತ್ತಲು ಇನ್ನೂ ಒಬ್ಬರೂ ಬಂದಿಲ್ಲ.